ಒಂಬತ್ತನೇ ನಂಬರಿನ ಹಾಯಿ

ನಮ್ಮ ಅಂಗಳದಲ್ಲಿ ಕರಿಮೆಣಸು ಒಣಗುವುದು ಹಾಯಿಯ ಮೇಲೆ. ಹಾಯಿ ಎಂದರೆ ದೋಣಿಗೆ ಕಟ್ಟುವ ಹಾಯಿಯೇ, ಬೇರೆ ಅರ್ಥ ಹುಡುಕಬೇಡಿ. ಸಮುದ್ರವನ್ನೇ ಕಾಣದ ಹೆಂಗಸಿನ ಅಂಗಳಕ್ಕೆ ಅದು ಬಂದದ್ದು ಹೇಗೆ ಎಂದು ನೀವು ಕೇಳುವುದಿಲ್ಲ, ಏಕೆಂದರೆ ನಿಮಗೆ ಅದು ಹಳೆಯ ದಪ್ಪ ಬಟ್ಟೆಯಂತೆ ಕಾಣುತ್ತದೆ. ಮೊನ್ನೆ ಸುಂಟಿಕೊಪ್ಪದಿಂದ ಮೆಣಸು ಕೊಳ್ಳಲು ಬಂದವನಿಗೂ ಹಾಗೆಯೇ ಕಂಡಿತು. ಮೆಣಸನ್ನು ಹಲ್ಲಲ್ಲಿ ಕಡಿದು ನೋಡುವ ಮೊದಲು ಅವನು ಬಟ್ಟೆಯ ಅಂಚನ್ನು ಎತ್ತಿ ನೋಡಿದ.

"ಎಂತ ಅಜ್ಜಿ ಇದು, ಓಬೀರಾಯನ ಕಾಲದ್ದು. ಹೊಸ ಪ್ಲಾಸ್ಟಿಕ್ ಟಾರ್ಪಾಲ್ ತಂದು ಕೊಡ್ತೇನೆ, ಇದು ನನಗೆ ಕೊಡಿ."

ಹಳೆಯದು ಎಂದು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಸವರುವವನಿಗೆ ಆ ವಸ್ತು ಬೇಕಾಗಿದೆ ಎಂದು ತಿಳಿಯಿರಿ. ಹಸು ಕೊಳ್ಳುವವನಾಗಲಿ, ಹೆಣ್ಣು ನೋಡಲು ಬಂದವರಾಗಲಿ, ಇದು ಎಲ್ಲೂ ತಪ್ಪುವುದಿಲ್ಲ. ಅವನು ಮೆಣಸನ್ನು ಸ್ವಲ್ಪ ಸರಿಸಿ, ಬಟ್ಟೆಯ ನಡುವೆ ಕೆಂಪು ಬಟ್ಟೆಯಲ್ಲಿ ಹೊಲಿದಿದ್ದ ಗುರುತಿನ ಮೇಲೆ ಬೆರಳಿಟ್ಟ.

"ಇದೆಂತ, ಮೀನಿನ ಗಾಳವಾ?"

"ಗಾಳ ಅಲ್ಲಪ್ಪ, ಒಂಬತ್ತು. ಕನ್ನಡದ ಒಂಬತ್ತು."

ಅವನು ತಲೆ ವಾರೆ ಮಾಡಿ ನೋಡಿದ. ಅವನು ಶಾಲೆಗೂ ಹೋದವನಂತೆ. ಅವನನ್ನು ದೂರುವುದಿಲ್ಲ. ಆ ಒಂಬತ್ತನ್ನು ಮೊದಲ ಸಲ ನೋಡಿದ ದೊಡ್ಡ ದೊಡ್ಡವರೂ ಹಾಗೆಯೇ ತಲೆ ವಾರೆ ಮಾಡಿದ್ದರು.

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಸರಕಾರ ಮಡಿಕೇರಿಯಲ್ಲೇ ಕೂತಿರುತ್ತಿತ್ತು. ರಾಜ್ಯ ಚಿಕ್ಕದಾದರೆ ಒಂದು ಅನುಕೂಲ, ಒಂದು ಅನನುಕೂಲ. ಬೆಳಿಗ್ಗೆ ಹೇಳಿದ ದೂರು ಮಧ್ಯಾಹ್ನಕ್ಕೆ ಸರಕಾರದ ಕಿವಿಗೆ ಬೀಳುತ್ತಿತ್ತು, ಅದು ಅನುಕೂಲ. ನಮ್ಮ ಮೇಲೆ ಯಾರಾದರೂ ಹೇಳಿದ ದೂರು ಸಂಜೆಗೆ ಜೀಪು ಹತ್ತಿ ನಮ್ಮ ಬಾಗಿಲಿಗೇ ಬರುತ್ತಿತ್ತು, ಅದು ಇನ್ನೊಂದು.

ನನ್ನದು ಹಾಸನದ ಕಡೆ. ಗಂಡನ ಜೊತೆ ಕುಶಾಲನಗರದ ಹತ್ತಿರ ಗದ್ದೆ ಮಾಡಲು ಬಂದವಳು. ಗಂಡ ಚಳಿಜ್ವರದಲ್ಲಿ ಹೋದ, ಗದ್ದೆ ಭಾವಂದಿರ ಪಾಲಾಯಿತು. ಅದನ್ನೆಲ್ಲ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸುವ ವ್ಯಾಪಾರ ನನಗಿಲ್ಲ. ನೆಲ್ಯಹುದಿಕೇರಿಯಿಂದ ಸ್ವಲ್ಪ ಕೆಳಗೆ ಕಾವೇರಿಗೆ ಒಂದು ಕಡವು ಇತ್ತು, ಜನ ದೋಣಿಯಲ್ಲಿ ಹೊಳೆ ದಾಟುವ ಜಾಗ. ಅದರ ತಲೆಯ ಮೇಲೆ ಹುಲ್ಲಿನ ಮಾಡು ಹಾಕಿ ಒಂದು ಹೋಟೆಲು ತೆರೆದೆ. ಹಲಗೆಯ ಮೇಲೆ 'ಮಿಲಿಟರಿ ಹೋಟೆಲು' ಎಂದು ಬರೆಸಿದೆ. ಮಾಂಸದೂಟ ಸಿಗುತ್ತದೆ ಎಂದು ಅದರ ಅರ್ಥ, ನಿಮಗೆ ಗೊತ್ತು. ಆದರೆ ಅರ್ಥ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ನೌಕಾಪಡೆಯಲ್ಲಿದ್ದು ನಿವೃತ್ತರಾಗಿ ಚೆಟ್ಟಳ್ಳಿಯ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ಸೋಮಯ್ಯನವರು ಆ ಹಲಗೆಯನ್ನು ಓದಿ, ಇವಳಿಗೂ ಸೈನ್ಯಕ್ಕೂ ಏನೋ ಸಂಬಂಧವಿದೆ, ಕೆಲಸ ಶಿಸ್ತಿನಲ್ಲಿ ನಡೆಯುತ್ತದೆ ಎಂದು ನಂಬಿಕೊಂಡಿದ್ದರಂತೆ. ಅವರು ಪ್ಲಾಂಟರುಗಳ ಕ್ಲಬ್ಬಿನ ಕಾರ್ಯದರ್ಶಿ. ನಂಬಿದವರ ನಂಬಿಕೆಯನ್ನು ನಾವಾಗಿ ಕೆಡಿಸಬಾರದು.

ಒಂದು ದಿನ ಬಸ್ಸಿನ ಕಂಡಕ್ಟರ್ ಓಡುವ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ ಕೂಗಿ ಹೋದ. "ತಾಯಕ್ಕಾ, ಕ್ಲಬ್ಬಿನ ಸೋಮಯ್ಯನವರು ಹೇಳಿ ಕಳಿಸಿದ್ದಾರೆ. ಬರುವ ಶನಿವಾರ, ಭಾನುವಾರ ಬೋಟ್ರೇಸಂತೆ. ಎಲ್ಲ ನೀವೇ ನೋಡ್ಕೊಳ್ಬೇಕಂತೆ."

ನನಗೆ ಕೇಳಿಸಿದ್ದು 'ಬೋಟಿ ರೈಸು'.

ನಗಬೇಡಿ. ಬೋಟಿ ಎಂದರೆ ಆಡಿನ ಕರುಳು, ಹೊಟ್ಟೆ. ಅದರ ಗೊಜ್ಜು ನಮ್ಮ ಹೋಟೆಲಿನ ಹೆಸರನ್ನು ಹೊತ್ತು ನಿಂತಿತ್ತು. ಅನ್ನವನ್ನು ರೈಸು ಎನ್ನುವುದು ಕ್ಲಬ್ಬಿನವರು. ಎರಡೂ ಸೇರಿದರೆ ಬೋಟಿ ರೈಸು. ಇಂಗ್ಲಿಷ್ ಊಟ ತಿಂದು ತಿಂದು ಸಾಹುಕಾರರಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡೆ. ಅವತ್ತೇ ಸುಂಟಿಕೊಪ್ಪದ ಮಾಂಸದ ಅಂಗಡಿಗೆ ಹೋಗಿ, ಆ ಭಾನುವಾರ ಕೊಯ್ಯುವ ಅಷ್ಟೂ ಆಡಿನ ಬೋಟಿ ನನಗೇ ಎಂದು ಮಾತು ಕೊಟ್ಟು ಬಂದೆ. ಮಾರನೆಯ ದಿನ ಸೋಮಯ್ಯನವರ ಜೀಪು ಬಂದು ನಿಂತಿತು. ಆರಡಿ ಆಳು, ಬಾಯಲ್ಲಿ ಪೈಪು. ನನ್ನ ಬೆಂಚಿನ ಮೇಲೆ ಕೂತಾಗ ಬೆಂಚು ಒಂದು ಸಲ ನರಳಿತು.

"ನಿಮಗೆ ಅಭ್ಯಾಸ ಉಂಟಾ ಇದೆಲ್ಲ?" ಎಂದರು.

"ಏನ್ ಸಾವ್ಕಾರ್ರೆ ಹಿಂಗಂತೀರಿ? ದಿನಾ ಮಾಡೋದೇ ಅದು."

ಅವರು ಪೈಪು ತೆಗೆದರು. "ದಿನಾ?"

"ಮಂಗಳವಾರ ಒಂದು ಬಿಟ್ಟು. ಎಷ್ಟು ಬೇಕು ಹೇಳಿ."

"ಎಂಟು ಬರ್ತದೆ."

"ಎಂಟು ಯಾವ ಮೂಲೆಗೆ. ಮುಖ್ಯ ಏನಂದ್ರೆ ಚೆನ್ನಾಗಿ ತೊಳೀಬೇಕು. ಒಳಗಡೆನೂ ತಿರುವಿ ಹಾಕಿ ತೊಳೀಬೇಕು. ಇಲ್ಲಾಂದ್ರೆ ವಾಸನೆ."

"ಅದು ಸರಿ," ಎಂದು ಅವರು ತಲೆಯಾಡಿಸಿದರು. "ಅಡಿಯಲ್ಲಿ ಪಾಚಿ ಹಿಡಿದಿರ್ತದೆ."

ಪಾಚಿ ಎಂಬ ಮಾತು ನನಗೆ ಹಿಡಿಸಲಿಲ್ಲ. ಸುಮ್ಮನಿದ್ದೆ. ವ್ಯಾಪಾರದಲ್ಲಿ ಅರ್ಥವಾಗದ ಮಾತು ಬಂದರೆ ಸುಮ್ಮನಿರಬೇಕು. ಅರ್ಥವಾಗಲಿಲ್ಲ ಎಂದು ಕೇಳಿದವರ ಬೆಲೆ ಅಲ್ಲಿಗೇ ಇಳಿಯುತ್ತದೆ. ಆದರೆ ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದೂ ತಿಳಿದಿರಬೇಕು. ನನಗೆ ಅವತ್ತು ತಿಳಿಯಲಿಲ್ಲ.

"ನಾವು ಸುಣ್ಣ ಹಚ್ಚಿ ಉಜ್ತೀವಿ," ಎಂದೆ.

"ಸುಣ್ಣವಾ? ನಾವು ಪೈಂಟ್ ಹೊಡೆಯುದು."

"ಪೈಂಟಾ?"

"ಮತ್ತೆ? ಬಿಳಿ ಪೈಂಟ್. ಹೊಟ್ಟೆಗೆ ನೀಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವರು ಕಡ್ಡಿಯಲ್ಲಿ ಮಣ್ಣಿನ ಮೇಲೆ ಒಂದು ದೋಣಿ, ಅದರ ಮೇಲೆ ಮೂರು ಮೂಲೆಯ ಬಟ್ಟೆ ಬರೆದು ತೋರಿಸಿದರು. ನಾನು ಹುಬ್ಬನ್ನೂ ಅಲುಗಿಸದೆ, "ಅದೇ ಅಲ್ವಾ ಸಾವ್ಕಾರ್ರೆ ನಾನೂ ಹೇಳಿದ್ದು, ದೋಣಿಗೂ ಸುಣ್ಣ ಒಳ್ಳೇದು" ಎಂದೆ. ಅವರು ನಂಬಿದರೋ ಇಲ್ಲವೋ, ಕೆಲಸ ನನಗೇ ಕೊಟ್ಟರು. ಬೋಟಿಯ ಮಾತು ಕೊಟ್ಟಾಗಿತ್ತು. ಅದನ್ನು ವಾಪಸು ಪಡೆಯಲಿಲ್ಲ. ಮಾಂಸದವನ ಹತ್ತಿರ ಒಂದು ಸಲ ಮಾತು ತಪ್ಪಿದರೆ ಆಮೇಲೆ ವರ್ಷವಿಡೀ ಎಲುಬೇ ಗತಿ.

ಹಾಯಿದೋಣಿಯ ರೇಸು ನಡೆಸುವುದೆಂದರೆ ದೋಣಿ ಓಡಿಸುವುದು ಎಂದು ನೀವು ತಿಳಿದಿರಬಹುದು. ಅಲ್ಲ. ಮದುವೆಯಲ್ಲಿ ತಾಳಿ ಕಟ್ಟುವುದು ಎಷ್ಟೋ, ಅದರಲ್ಲಿ ದೋಣಿಯೂ ಅಷ್ಟೇ. ಉಳಿದದ್ದೆಲ್ಲ ಬಿದಿರು, ಚಾಪೆ, ನೀರು, ಕುರ್ಚಿ. ಮಂಗಳೂರಿನಿಂದ ಲಾರಿಯ ಮೇಲೆ ಬರುವ ಎಂಟು ದೋಣಿಗಳನ್ನು ರಸ್ತೆಯಿಂದ ಹೊಳೆಗೆ ಇಳಿಸಬೇಕು. ನಡುವೆ ಇಳಿಜಾರಿನ ಕಾಫಿ ತೋಟ, ಒಂದು ಗಿಡ ಮುರಿದರೂ ತೋಟದ ಲೆಕ್ಕ ಬರೆಯುವ ರೈಟರು ಕುಣಿದಾಡುತ್ತಾನೆ. ಮರದ ದಿಮ್ಮಿ ಎಳೆಯುವ ಆಳುಗಳನ್ನು ಆಚೆ ದಡದ ಲೈನುಗಳಿಂದ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಿಂದ, ಕರೆಸಿದೆ. ಅವರು ಬಾಳೆದಿಂಡನ್ನು ಅಡ್ಡಡ್ಡ ಹಾಸಿ, ಅದರ ಮೇಲೆ ದೋಣಿಗಳನ್ನು ಮದುಮಗಳನ್ನು ಇಳಿಸುವ ಹಾಗೆ ಇಳಿಸಿದರು. ಶಾಲೆಯಿಂದ ಬೆಂಚು ತರಿಸಿದೆ. ಮೈಸೂರಿನಿಂದ ಮಂಜುಗಡ್ಡೆ ಭತ್ತದ ಹೊಟ್ಟಿನಲ್ಲಿ ಮಲಗಿಕೊಂಡು ಬಂತು, ಬರುವಷ್ಟರಲ್ಲಿ ಅರ್ಧ ಹೊಟ್ಟು, ಅರ್ಧ ನೀರು. ಹೆಂಗಸರಿಗೆ ಮರೆಯ ಜಾಗ ಬೇಕೆಂದು ಇಷ್ಟೊಂದು ಗಂಡಸರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನಾನು ತಟ್ಟಿ ಕಟ್ಟಿಸಿದೆ. ನೀವು ಯಾವ ಸಮಾರಂಭ ಮಾಡಿದರೂ ಮೊದಲು ಅದನ್ನು ಕಟ್ಟಿಸಿ, ಆಮೇಲೆ ಚಪ್ಪರ.

ಗುರುವಾರ ಸೋಮಯ್ಯನವರು ಬಂದು ಎಲ್ಲ ನೋಡಿದರು, ಮೆಚ್ಚಿದರು. ಜೀಪು ಹತ್ತಲು ಕಾಲೆತ್ತಿದವರು ಹಾಗೆಯೇ ತಿರುಗಿ, "ಮತ್ತೆ ತಾಯಕ್ಕ, ಈ ಕಡವು ಎರಡು ದಿನ ನಿಲ್ಲಿಸಬೇಕು. ಮೊಯ್ದುಗೆ ಹೇಳಿಬಿಡಿ" ಎಂದರು.

ನಿಜವಾದ ಮಾತು ಯಾವಾಗಲೂ ಹೊಸಿಲ ಮೇಲೆಯೇ ಬರುವುದು.

ಮೊಯ್ದು ಕಾಕ ಕಡವಿನ ದೋಣಿಯವರು. ಅವರ ದೋಣಿ ಹೋಗಿ ಬರುವುದು ರೇಸಿನ ನೀರಿನ ನಟ್ಟನಡುವೆ. ಶನಿವಾರ ಹೇಗೋ ಆಗಬಹುದು. ಆದರೆ ಭಾನುವಾರ ಸುಂಟಿಕೊಪ್ಪದ ಸಂತೆ. ಆಚೆ ದಡದ ಲೈನುಗಳ ಜನ ವಾರಕ್ಕೊಮ್ಮೆ ಹೊಳೆ ದಾಟಿ, ಬಸ್ಸು ಹತ್ತಿ, ಉಪ್ಪು, ಮೆಣಸಿನಕಾಯಿ, ಒಣಮೀನು, ಎಲೆಅಡಿಕೆ ತರುವುದು ಅವತ್ತೇ. ಆಚೆ ಇದ್ದದ್ದು ಎಸ್ಟೇಟಿನ ಒಂದು ಸ್ಟೋರು. ಅದರಲ್ಲಿ ಅಕ್ಕಿ ಬಿಟ್ಟರೆ ಸಾಬೂನು.

"ಭಾನುವಾರ ಸಂತೆ ಅಲ್ವಾ ಸಾವ್ಕಾರ್ರೆ?"

"ಒಂದು ವಾರ ಸಂತೆ ಇಲ್ಲದಿದ್ದರೆ ಎಂತ ಆಗ್ತದೆ?"

ಎಂತ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮವ್ವ ಕೋಳಿ ಮಾರಲು ಸಂತೆಗೆ ಹೋಗುತ್ತಿದ್ದಳು. ಬರುವಾಗ ಸೆರಗಿನ ತುದಿಯಲ್ಲಿ ಕಲ್ಲುಪ್ಪು ಕಟ್ಟಿಕೊಂಡು ಬರುತ್ತಿದ್ದಳು. ಒಂದು ಸಲ ಹಳ್ಳ ತುಂಬಿತ್ತು. ದೋಣಿ ಇರಲಿಲ್ಲ, ಎದೆ ಮಟ್ಟದ ನೀರಿನಲ್ಲಿ ದಾಟಿ ಬಂದಳು. ನಾನು ಓಡಿ ಹೋಗಿ ಸೆರಗಿನ ಗಂಟು ಬಿಚ್ಚಿದೆ. ಒದ್ದೆ ಬಟ್ಟೆ, ಒಳಗೆ ಏನೂ ಇಲ್ಲ. ನಾನು ಆ ಬಟ್ಟೆಯನ್ನೇ ನೆಕ್ಕಿದೆ. ಅವ್ವ ನಗುತ್ತಾ, "ಹಳ್ಳಕ್ಕೂ ಉಪ್ಪು ಬೇಕಿತ್ತೇನೋ ಕಣೇ" ಎಂದಳು. ಆ ವಾರ ತಿಂದ ಸಪ್ಪೆ ಮುದ್ದೆಯ ರುಚಿ ಇನ್ನೂ ನಾಲಗೆಯಿಂದ ಹೋಗಿಲ್ಲ. ಇವತ್ತಿಗೂ ನನ್ನ ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚು. ಗಿರಾಕಿಗಳು ಬೈದುಕೊಂಡೇ ಉಣ್ಣುತ್ತಿದ್ದರು.

ಇದನ್ನೆಲ್ಲ ಸೋಮಯ್ಯನವರಿಗೆ ಹೇಳಲಿಲ್ಲ. ಚೌಕಾಶಿಯಲ್ಲಿ ನಮ್ಮ ಕಷ್ಟ ಹೇಳಬಾರದು. ಹೇಳಿದರೆ ಎದುರಿನವನು ಕನಿಕರ ಕೊಟ್ಟು ವಸ್ತು ಇಟ್ಟುಕೊಳ್ಳುತ್ತಾನೆ.

"ಶನಿವಾರ ನಿಮಗೆ ಬಿಟ್ಟೆ," ಎಂದೆ. "ಭಾನುವಾರ ಕಡವು ನಡೀಲಿ. ದೋಣಿ ದಾಟೋವಾಗ ನಿಮ್ಮ ರೇಸು ಒಂದು ಗಳಿಗೆ ನಿಲ್ಲಲಿ."

"ರೇಸು ನಿಲ್ಲಿಸುದಾ? ಗಾಳಿಗೆ ನಿಲ್ಲು ಅಂತ ಹೇಳುದಾ ನಾನು?"

"ಗಾಳಿ ನಮ್ಮ ಹೊಳೇಲಿ ಯಾರೂ ಹೇಳ್ದೇನೇ ನಿಲ್ತದೆ."

ಅವರ ಮುಖ ಬಿಗಿಯಿತು. "ತಾಯಕ್ಕ, ಮಡಿಕೇರಿಗೆ ಒಂದು ಮಾತು ಹೇಳಿದರೆ ಕಡವು ತಾನಾಗಿ ನಿಲ್ತದೆ. ಅದು ಬೇಡ ಅಂತ ನಿಮ್ಮ ಹತ್ರ ಹೇಳುದು ನಾನು." ಜೀಪು ಹೊರಟು ಹೋಯಿತು.

ಮೊಯ್ದು ಕಾಕನಿಗೆ ಹೇಳಿದೆ. ಅವರು ತಲೆಯ ಮೇಲಿನ ಬಟ್ಟೆ ತೆಗೆದು ಮುಖ ಒರೆಸಿಕೊಂಡರು. ಕಡವನ್ನು ಸರಕಾರ ಪ್ರತಿ ವರ್ಷ ಹರಾಜು ಹಾಕುತ್ತಿತ್ತು. ಮುಂದಿನ ವರ್ಷ ತನಗೇ ಸಿಗುತ್ತದೆ ಎಂದು ಯಾವ ಖಾತ್ರಿಯೂ ಇರಲಿಲ್ಲ.

"ದೊಡ್ಡವರ ಹತ್ರ ಹಟ ಎಂತಕೆ ತಾಯಕ್ಕ? ನನ್ನ ಕಡವು ಹೋದ್ರೆ ನಾನೆಂತ ಮಾಡುದು, ನಿಮ್ಮ ಬೋಟಿ ತೊಳೆಯುದಾ?"

"ತೊಳೀರಿ. ಕೂಲಿ ಕೊಡ್ತೀನಿ."

"ನಿಮ್ಮ ಕೂಲಿ ಗೊತ್ತುಂಟು ನನಗೆ," ಎಂದರು ಕಾಕ.

ಶನಿವಾರ ಕಡವು ನಿಂತಿತು. ದೋಣಿಯನ್ನು ಅತ್ತಿಮರಕ್ಕೆ ಕಟ್ಟಿ ಕಾಕ ದಡದಲ್ಲಿ ಕೂತರು. ಕ್ಲಬ್ಬಿನ ಅತಿಥಿಗಳು ಬಂದರು, ಬಿಳಿ ಚಡ್ಡಿಯ ಗಂಡಸರು, ಬಣ್ಣದ ಕೊಡೆಯ ಹೆಂಗಸರು. ಬೆಳಗಿನ ತಂಗಾಳಿಗೆ ಎಂಟು ಹಾಯಿಗಳೂ ಬಿಚ್ಚಿಕೊಂಡವು. ಸುಳ್ಳೇಕೆ, ನೋಡಲು ಚಂದವೇ ಇತ್ತು. ಮೂರೂವರೆ ಗಂಟೆಯ ಚಹಾಕ್ಕೆ ಎಲ್ಲರೂ ಚಪ್ಪರದ ಕೆಳಗೆ ಸೇರಿದಾಗ ನಾನು ಆಳುಗಳಿಗೆ ಕಣ್ಣು ಹೊಡೆದೆ. ಅವರು ಹೋಗಿ ಚಪ್ಪರದ ಬಿದಿರನ್ನು ಹಿಂದಿನಿಂದ ಒಂದೊಂದಾಗಿ ಕಿತ್ತು ತೆಗೆಯತೊಡಗಿದರು.

ಮೇಲಿನ ಸೊಪ್ಪು ಮೆಲ್ಲನೆ ಜೋತು ಒಬ್ಬ ದಪ್ಪ ದೊರೆಯ ತಲೆಯನ್ನು ಮುಟ್ಟಿತು. ಅವರು ನೊಣ ಎಂದುಕೊಂಡು ಕೈ ಬೀಸಿದರು. ಸೊಪ್ಪು ಇನ್ನೂ ಇಳಿಯಿತು. ಸೋಮಯ್ಯನವರು ಕಪ್ಪು ಬಿಟ್ಟು ಓಡಿ ಬಂದರು.

"ಎಂತದಿದು ತಾಯಕ್ಕ?"

"ಬಿದಿರು ತಗೋತಿದೀವಿ ಸಾವ್ಕಾರ್ರೆ. ಈ ಆಳುಗಳ ಮನೆ ಆಚೆ ದಡದಲ್ಲಿ. ಕಡವು ನೀವು ನಿಲ್ಲಿಸಿದೀರಿ. ಸಂಜೆ ಮನೆ ಸೇರ್ಬೇಕಲ್ಲ, ತೆಪ್ಪ ಕಟ್ತಾರೆ."

"ತೆಪ್ಪವಾ? ರೇಸಿನ ನೀರಲ್ಲಿ ತೆಪ್ಪ ಬಿಡುದಾ?" ಅವರಿಗೆ ಸಿಟ್ಟು ಬಂದರೆ ನೌಕಾಪಡೆ ಬಾಯಿಗೆ ಬರುತ್ತಿತ್ತು. "ರೂಲ್ ಉಂಟು ಅದಕ್ಕೆ. ಹಾಯಿ ಇಲ್ಲದ್ದು, ನಂಬರ್ ಇಲ್ಲದ್ದು ಯಾವುದೂ ಎರಡು ದಿನ ಈ ನೀರಿಗೆ ಇಳಿಯಲಿಕ್ಕಿಲ್ಲ."

ನಾನು ಕಾದಿದ್ದು ಇಂಥದ್ದಕ್ಕೆ ಎಂದು ಈಗ ಹೇಳಿದರೆ ಜಂಬವಾಗುತ್ತದೆ. ರೂಲಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಆದರೆ ಬಿದ್ದ ಹಣ್ಣನ್ನು ಯಾವ ಮರದ್ದು ಎಂದು ಕೇಳುತ್ತಾ ಕೂರುವವಳಲ್ಲ ನಾನು.

"ಹಂಗಾದ್ರೆ ಹಾಯಿ, ನಂಬರು ಎರಡೂ ಇದ್ರೆ ಇಳೀಬಹುದು?"

ಅವರು ಜೇಬಿನಿಂದ ಪೈಪು ತೆಗೆದರು. ಸುತ್ತಲಿನವರೆಲ್ಲ ಕೇಳುತ್ತಿದ್ದರು. ಇನ್ನೊಂದು ಬಿದಿರು ಹೋಯಿತು. ಅವರ ಹೆಂಡತಿ ತಲೆಯ ಮೇಲಿನ ಸೊಪ್ಪನ್ನು ಕೊಡೆಯಿಂದ ಎತ್ತಿ ಹಿಡಿದುಕೊಂಡು, "ಅವರು ಕೇಳುದು ಸರಿ ಉಂಟಲ್ಲ ಇವರೇ. ಬೇಗ ಹೇಳಿಬಿಡಿ, ಇರುವೆ ಬೀಳ್ತಾ ಉಂಟು" ಎಂದರು.

"ಇಳಿಯಬಹುದು," ಎಂದರು ಸೋಮಯ್ಯನವರು, ಪೈಪನ್ನು ಕಚ್ಚಿಕೊಂಡು.

"ಒಂದು ಹಾಯಿ ಕೊಡಿ ಮತ್ತೆ."

"ನನ್ನ ಹತ್ರ ಕೇಳುದಾ?"

"ನಮ್ಮ ಹತ್ರ ಇದ್ದಿದ್ರೆ ಕೇಳ್ತಿದ್ನಾ?"

ದೋಣಿಗಳ ಜೊತೆ ಬಂದಿದ್ದ ಒಂದು ಹೆಚ್ಚಿನ ಹಾಯಿ, ಮೂಲೆ ಹರಿದದ್ದು, ನನ್ನ ಕೈಗೆ ಬಂತು. ಬಿದಿರುಗಳು ತಮ್ಮ ಜಾಗಕ್ಕೆ ಹೋದವು. ಅವತ್ತು ದೀಪ ಹಚ್ಚುವ ಮೊದಲೇ ನನ್ನದೊಂದು ಕೆಂಪು ಸೀರೆಯ ಅಂಚನ್ನು ಕತ್ತರಿಸಿ, ನಡುವೆ ದೊಡ್ಡದಾಗಿ ೯ ಎಂದು ಹೊಲಿದೆ. ಎಂಟು ದೋಣಿಗಳ ಮೇಲೆ ಇಂಗ್ಲಿಷ್ ಅಂಕಿ ಇತ್ತು. ಕಡವು ನಮ್ಮದು, ಅಂಕಿಯೂ ನಮ್ಮದೇ ಇರಲಿ ಎಂದುಕೊಂಡೆ. ಕಾಕ ದೋಣಿಯ ನಡುವೆ ಒಂದು ಬಿದಿರು ನಿಲ್ಲಿಸಿ ಕಟ್ಟಿದರು. ಹಾಯಿ ಏರಿಸಿದ ಮೇಲೆ ಅದನ್ನು ತುಂಬ ಹೊತ್ತು ಅನುಮಾನದಿಂದ ನೋಡಿದರು.

"ಗಾಳಿ ಬಂದ್ರೆ ತಾಯಕ್ಕ? ಸಂತೆಯವರನ್ನ ಕೊಳ್ಳೇಗಾಲದಲ್ಲಿ ಇಳಿಸುದಾ?"

ಗಾಳಿ ಬರಲಿಲ್ಲ. ಭಾನುವಾರ ಬಿಸಿಲೇರುತ್ತಿದ್ದಂತೆ ಕಾವೇರಿ ಎಣ್ಣೆಯ ಹಾಗೆ ನಿಂತಿತು. ಅಲ್ಲೊಂದು ಇಲ್ಲೊಂದು ಎಂದು ಎಂಟು ಹಾಯಿಗಳೂ ಕಾವಿಗೆ ಕೂತ ಕೋಳಿಗಳ ಹಾಗೆ ಕೂತುಬಿಟ್ಟವು. ಅವುಗಳ ನಡುವೆ ಒಂಬತ್ತನೇ ನಂಬರು ಹೊರಟಿತು. ಹಾಯಿ ಒಣಗಲು ಹಾಕಿದ ಬಟ್ಟೆಯಂತೆ ಜೋತಿತ್ತು. ಕಾಕ ಎಂದಿನ ಹಾಗೆ ಗಳ ಊರುತ್ತಿದ್ದರು. ದೋಣಿ ತುಂಬ ಜನ, ಚೀಲ, ಬುಟ್ಟಿ, ಮಾರಲು ತಂದ ಕೋಳಿ, ಒಂದು ಆಡು. ತೀರ್ಪುಗಾರರು ದುರ್ಬೀನು ಹಿಡಿದು, ತಲೆ ವಾರೆ ಮಾಡಿ, "ಅದೆಂತ ನಂಬರ್?" ಎಂದು ಕೂಗಿದರು. ದೋಣಿಯಲ್ಲಿದ್ದ ಕಾಫಿ ಕುಯ್ಯುವ ಹೆಂಗಸೊಬ್ಬಳು, "ಒಂಬತ್ತು ಸ್ವಾಮೀ, ಒಂಬತ್ತು" ಎಂದು ಕೂಗಿ ಹೇಳಿದಳು. ಆಮೇಲೆ ದೋಣಿ ಒಂದೊಂದು ಸಲ ದಾಟುವಾಗಲೂ ಒಳಗಿದ್ದವರೆಲ್ಲ ಒಟ್ಟಿಗೇ ಒಂಬತ್ತು ಎಂದು ಕೂಗತೊಡಗಿದರು, ತೀರ್ಪುಗಾರರು ಕೇಳದಿದ್ದರೂ.

ಇನ್ನು ಬೋಟಿ. ಮಾತಿನಂತೆ ಅಷ್ಟೂ ಬೋಟಿ ಬಂದಿತ್ತು. ಮಧ್ಯಾಹ್ನಕ್ಕೆ ಕಡವಿನ ತಲೆಯಲ್ಲಿ ಒಲೆ ಹೂಡಿ, ಸಂತೆಯಿಂದ ಬಂದವರಿಗೆಲ್ಲ ಬಡಿಸಿದೆ. ಗಾಳಿ ಹಾಯಿಗೆ ಸಾಲದಿದ್ದರೂ ಮಸಾಲೆಯ ಪರಿಮಳ ಹೊರುವಷ್ಟು ಇತ್ತೆಂದು ಕಾಣುತ್ತದೆ. ಹೊಳೆಯ ನಡುವೆ ಸಿಕ್ಕಿಕೊಂಡ ರೇಸಿನವರು ಊಟಕ್ಕೆ ದಡಕ್ಕೆ ಬರುವ ಹಾಗಿರಲಿಲ್ಲ. ಹುಟ್ಟು ಹಾಕಿದರೆ ಸೋತಂತೆ. ಅವರ ತಣ್ಣನೆಯ ಕೋಳಿ ಚಪ್ಪರದಲ್ಲಿ ಮಂಜುಗಡ್ಡೆಯ ನೀರಿನಲ್ಲಿ ತೇಲುತ್ತಿತ್ತು. ನಾನು ಬಾಳೆ ಎಲೆಯಲ್ಲಿ ಪೊಟ್ಟಣ ಕಟ್ಟಿ ಒಂಬತ್ತನೇ ನಂಬರು ಹತ್ತಿದೆ. ಕಾಕ ಒಂದೊಂದು ದೋಣಿಯ ಪಕ್ಕ ನಿಲ್ಲಿಸಿದರು. ಒಂದನೇ ನಂಬರಿನಲ್ಲಿ ಸೋಮಯ್ಯನವರು ಟೊಪ್ಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಪೊಟ್ಟಣ ಬಿಚ್ಚಿ ಮೂಸಿದರು, ತಿಂದರು, ಎಲೆಯನ್ನೂ ಬೆರಳಲ್ಲಿ ಸವರಿದರು.

"ಎಂತದಿದು?"

"ಬೋಟಿ ರೈಸು ಸಾವ್ಕಾರ್ರೆ. ದಿನಾ ಮಾಡೋದೇ ಅಂತ ಹೇಳಿದ್ನಲ್ಲ."

ಅವರು ನನ್ನನ್ನು ನೋಡಿದರು. ಅಂದಿನ ಪಾಚಿ, ಸುಣ್ಣ, ಪೈಂಟು ಒಂದೊಂದಾಗಿ ಅವರ ಮುಖದ ಮೇಲೆ ಹಾದು ಹೋದದ್ದು ನನಗೆ ಕಂಡಿತು. ನಗು ತಡೆಯಲು ಹೋಗಿ ಕೆಮ್ಮಿದರು. ಆದರೆ ಕಾರ್ಯದರ್ಶಿ ಕಾರ್ಯದರ್ಶಿಯೇ.

"ಉಪ್ಪು ಸ್ವಲ್ಪ ಜಾಸ್ತಿ," ಎಂದರು. "ಮತ್ತೆ ನಿಮ್ಮ ದೋಣಿ ಗಳ ಊರಿಕೊಂಡು ಹೋಗುದು ನಾನು ನೋಡಿದ್ದೇನೆ. ರೇಸಿನಿಂದ ತೆಗೆದು ಹಾಕಿದ್ದೇನೆ ಅದನ್ನ."

"ತೆಗೀರಿ ಸಾವ್ಕಾರ್ರೆ. ಎಲ್ರೂ ಸಂತೆ ಮಾಡ್ಕೊಂಡು ಬಂದಾಯ್ತು."

ಗೆದ್ದವರು ಯಾರೆಂದು ನನಗೆ ನೆನಪಿಲ್ಲ. ಸಂಜೆ ಸ್ವಲ್ಪ ಗಾಳಿ ಬಂದು ಯಾರೋ ಗೆದ್ದರಂತೆ. ಬೆಳ್ಳಿಯ ಕಪ್ಪು ಕೊಟ್ಟರಂತೆ. ನಾನು ಆಗ ಬೆಂಚುಗಳನ್ನು ಶಾಲೆಗೆ ಸಾಗಿಸುತ್ತಿದ್ದೆ. ಮಡಿಕೇರಿಗೆ ದೂರು ಹೋಯಿತೋ ಇಲ್ಲವೋ, ಜೀಪಂತೂ ಬರಲಿಲ್ಲ. ಮುಂದಿನ ಹರಾಜಿನಲ್ಲೂ ಕಡವು ಕಾಕನಿಗೇ ಉಳಿಯಿತು.

ಬಂದದ್ದು ಕ್ಲಬ್ಬಿನ ಜವಾನ, ಸೋಮವಾರ ಬೆಳಿಗ್ಗೆ. "ರೇಸಿನ ಹಾಯಿ ವಾಪಸು ಕೊಡಬೇಕಂತೆ. ರೇಸು ಮುಗಿದ ಮೇಲೆ ಕ್ಲಬ್ಬಿಗೆ ಸೇರಿದ್ದಂತೆ ಅದು."

ಕಾಕ ಹೊಳೆಯ ನಡುವೆ ಇದ್ದರು. ಹಾಯಿ ಬಿಚ್ಚಿರಲಿಲ್ಲ; ಬಿಸಿಲಿಗೆ ಕುಳಿತವರಿಗೆ ನೆರಳಾಗುತ್ತದೆ ಎಂದು ಅಡ್ಡ ಕಟ್ಟಿಕೊಂಡಿದ್ದರು. ನಾನು ಆ ಕಡೆ ಕೈ ತೋರಿಸಿದೆ.

"ನಮ್ಮ ದೋಣಿ ಇನ್ನೂ ಹೋಗ್ತಾ ಇದೆ ನೋಡಪ್ಪ. ರೇಸು ಮುಗಿದಿಲ್ಲ ಅಂತ ಹೇಳು."

ಅವನು ಹಾಗೆಯೇ ಹೋಗಿ ಹೇಳಿದ. ಮತ್ತೆ ಯಾರೂ ಕೇಳಲು ಬರಲಿಲ್ಲ. ವರ್ಷಗಳ ನಂತರ ಕಾಕ ಗಳ ಊರುವುದು ಬಿಟ್ಟಾಗ ಹಾಯಿಯನ್ನು ಮಡಿಸಿ ತಂದು ನನ್ನ ಜಗಲಿಯ ಮೇಲಿಟ್ಟು, ಚಹಾ ಕುಡಿದು ಹೋದರು.

ಮೊನ್ನೆ ಬಂದ ಮೆಣಸಿನವನಿಗೆ ಇಷ್ಟನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನು ಒಂದಕ್ಕೆ ಎರಡು ಟಾರ್ಪಾಲು ಎಂದ, ಆಮೇಲೆ ಮೂರು ಎಂದ. ಕತೆ ಹೇಳಿದರೆ ವಸ್ತುವಿನ ಬೆಲೆ ಏರುತ್ತದೆ, ಇದನ್ನೂ ನೆನಪಿಡಿ. ಮೆಣಸನ್ನು ನಾನು ಹೇಳಿದ ದರಕ್ಕೇ ತೂಗಿಸಿಕೊಂಡ. ಗೇಟಿನವರೆಗೆ ಹೋದವನು ತಿರುಗಿ ನಿಂತು, "ಹಾಯಿ ಯಾವಾಗ ಕೊಡ್ತೀರಿ ಅಜ್ಜಿ, ಅದು ಹೇಳಿ" ಎಂದ.

"ರೇಸು ಮುಗೀಲಿ," ಎಂದೆ.